ಬಿಸಿಲುಕೋಲಿನ ಹಿಂದಿನ ಕೈಗಳು: ‘ಕಾಗಜ್ ಕೆ ಫೂಲ್’ ಚಿತ್ರದ ತೆರೆಮರೆಯ ತಂಡ

ಭಾವಪ್ರಧಾನವಾದ ಸಾಮಾಜಿಕ ಚಿತ್ರವೊಂದು ಪ್ರೇಕ್ಷಕನನ್ನು ಹಿಡಿದು ಕೂರಿಸಬೇಕಾದರೆ ಅದರ ಹಿಂದಿನ ದುಡಿಮೆ ಅವನ ಕಣ್ಣಿಗೆ ಬೀಳಬಾರದು. ಬೆಳಕು ಎಲ್ಲಿಂದ ಬಿತ್ತು, ಕ್ಯಾಮೆರಾವನ್ನು ಯಾರು ತಳ್ಳಿದರು, ಗೋಡೆ ನಿಜವಾದದ್ದೋ ಹಲಗೆಯದೋ ಎಂಬ ಪ್ರಶ್ನೆ ಎದ್ದ ಕ್ಷಣವೇ ಪಾತ್ರಗಳ ಸುಖದುಃಖದ ಮೇಲಿನ ಅವನ ಗಮನ ಸಡಿಲವಾಗುತ್ತದೆ. ಸಾಹಸ ಚಿತ್ರಗಳಲ್ಲಿ ತಂತ್ರಜ್ಞರ ಕೈಚಳಕಕ್ಕೆ ಸ್ಥಳದಲ್ಲಿಯೇ ಚಪ್ಪಾಳೆ ಸಿಗುತ್ತದೆ, ಆದರೆ ಸಾಮಾಜಿಕ ಚಿತ್ರದ ತಂತ್ರಜ್ಞ ತನ್ನ ಕೆಲಸ ಚೆನ್ನಾಗಿ ಮಾಡಿದಷ್ಟೂ ಹೆಚ್ಚು ಮರೆಯಾಗುತ್ತಾನೆ. ಹೀಗೆ ಮರೆಯಾದವರ ದುಡಿಮೆಯನ್ನು ಬಿಡಿಸಿ ನೋಡುವುದಕ್ಕೆ 1959ರಲ್ಲಿ ತೆರೆಕಂಡ ಗುರುದತ್ತರ ಹಿಂದಿ ಚಿತ್ರ ‘ಕಾಗಜ್ ಕೆ ಫೂಲ್’ನಷ್ಟು ಒಳ್ಳೆಯ ಉದಾಹರಣೆ ಭಾರತೀಯ ಚಿತ್ರರಂಗದಲ್ಲಿ ಅಪರೂಪ. ಅದು ಚಿತ್ರ ತಯಾರಿಕೆಯನ್ನೇ ಕಥೆಯಾಗಿಸಿಕೊಂಡ ಚಿತ್ರ. ಜೊತೆಗೆ ಅದರ ಬೆಳಕನ್ನು ರೂಪಿಸಿದ ಛಾಯಾಗ್ರಾಹಕ ವಿ.ಕೆ. ಮೂರ್ತಿ ಮೈಸೂರಿನವರು, ನಿರ್ದೇಶಕ ಗುರುದತ್ ಹುಟ್ಟಿದ್ದು ಬೆಂಗಳೂರಿನಲ್ಲಿ.

ಚಿತ್ರದ ನಾಯಕ ಸುರೇಶ್ ಸಿನ್ಹಾ ಹೆಸರಾಂತ ನಿರ್ದೇಶಕ. ಹೆಂಡತಿಯಿಂದ ದೂರವಾಗಿ, ಮಗಳನ್ನು ನೋಡುವ ಅವಕಾಶವನ್ನೂ ಕಳೆದುಕೊಂಡ ಅವನು ಶಾಂತಿ ಎಂಬ ತರುಣಿಯನ್ನು ನಟಿಯಾಗಿ ಬೆಳೆಸುತ್ತಾನೆ, ಅವಳು ತಾರೆಯಾಗುವ ಹೊತ್ತಿಗೆ ತಾನು ಕುಸಿಯುತ್ತಾನೆ, ಕೊನೆಗೆ ಸ್ಟುಡಿಯೊದಲ್ಲಿ ನಿರ್ದೇಶಕನ ಕುರ್ಚಿಯ ಮೇಲೆಯೇ ಸಾಯುತ್ತಾನೆ. ಸುರೇಶನ ಪಾತ್ರವನ್ನು ಗುರುದತ್ತರೇ ವಹಿಸಿದರು, ಶಾಂತಿಯಾಗಿ ವಹೀದಾ ರೆಹಮಾನ್ ನಟಿಸಿದರು.

ಈ ಚಿತ್ರಕ್ಕೆ ಕೂಡಿದವರು ಒಂದು ಚಿತ್ರದ ಮಟ್ಟಿಗೆ ಗೊತ್ತುಮಾಡಿಕೊಂಡ ಬಿಡಿ ಕೆಲಸಗಾರರಲ್ಲ. ಸಂಭಾಷಣೆ ಬರೆದ ಅಬ್ರಾರ್ ಅಲ್ವಿ 1954ರ ‘ಆರ್ ಪಾರ್’ನಿಂದಲೂ ಗುರುದತ್ತರ ಜೊತೆಗಿದ್ದವರು, ವಿ.ಕೆ. ಮೂರ್ತಿಯವರ ಒಡನಾಟ ಅದಕ್ಕೂ ಹಿಂದಿನದು, ಸಂಕಲನಕಾರ ವೈ.ಜಿ. ಚವಾಣ್, ಸಂಗೀತ ನಿರ್ದೇಶಕ ಎಸ್.ಡಿ. ಬರ್ಮನ್ ಹಿಂದಿನ ಚಿತ್ರಗಳಲ್ಲಿ ಅವರೊಂದಿಗೆ ದುಡಿದಿದ್ದರು. ಕಲಾ ನಿರ್ದೇಶನದ ಹೊಣೆ ಹೊತ್ತ ಎಂ.ಆರ್. ಆಚ್ರೇಕರ್ ಮೂಲತಃ ಚಿತ್ರಕಾರರು, ರಾಜ್ ಕಪೂರರ ‘ಆವಾರಾ’ ಮತ್ತು ‘ಶ್ರೀ 420’ ಚಿತ್ರಗಳ ಸೆಟ್‌ಗಳಿಂದ ಆಗಲೇ ಪ್ರಸಿದ್ಧರಾಗಿದ್ದವರು. ಹೀಗೆ ಚಿತ್ರದಿಂದ ಚಿತ್ರಕ್ಕೆ ಒಟ್ಟಾಗಿ ಸಾಗುವ ತಂಡವನ್ನು ಚಿತ್ರರಂಗದವರು ‘ಯೂನಿಟ್’ ಎಂದು ಕರೆಯುತ್ತಾರೆ. ಯೂನಿಟ್ ಹಳೆಯದಾದಷ್ಟೂ ಮಾತು ಕಡಿಮೆಯಾಗುತ್ತದೆ. ನಿರ್ದೇಶಕನ ಅರ್ಧ ವಾಕ್ಯದಿಂದಲೇ ಛಾಯಾಗ್ರಾಹಕನಿಗೆ ಯಾವ ಮಸೂರ ಬೇಕು, ಕಲಾ ನಿರ್ದೇಶಕನಿಗೆ ಯಾವ ಗೋಡೆಯನ್ನು ಸರಿಸಬೇಕು ಎಂಬುದು ತಿಳಿದುಬಿಡುತ್ತದೆ.

ಮೂರ್ತಿಯವರು ಈ ತಂಡ ಸೇರಿದ ಬಗೆಯೂ ಗಮನಿಸತಕ್ಕದ್ದು. 1923ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಪಿಟೀಲು ವಾದನವನ್ನು ಕಲಿತು, ಸ್ವಾತಂತ್ರ್ಯ ಚಳವಳಿಯಲ್ಲಿ ಸೆರೆಮನೆಯನ್ನೂ ಕಂಡ ಅವರು ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಸಂಸ್ಥೆಯಲ್ಲಿ, ಅಂದರೆ ಇಂದು ಎಸ್.ಜೆ.ಪಿ. ಎಂದೇ ಜನ ಗುರುತಿಸುವ ಪಾಲಿಟೆಕ್ನಿಕ್ಕಿನಲ್ಲಿ, ಛಾಯಾಗ್ರಹಣದ ಡಿಪ್ಲೊಮಾ ಪಡೆದರು. ಈ ಕಲೆಯನ್ನು ಸ್ಟುಡಿಯೊಗಳಲ್ಲಿ ಕೈಕೆಳಗಿನ ಹುಡುಗನಾಗಿ ದುಡಿದೇ ಕಲಿಯಬೇಕಾಗಿದ್ದ ಕಾಲದಲ್ಲಿ ಅದನ್ನು ತರಗತಿಯಲ್ಲಿ ಕಲಿಸಿದ ಈ ಸಂಸ್ಥೆಯ ಕೊಡುಗೆಯನ್ನು ಕರ್ನಾಟಕ ಇನ್ನೂ ಸಾಕಷ್ಟು ನೆನೆದಿಲ್ಲ. ಮುಂಬೈಯಲ್ಲಿ ಫಲಿ ಮಿಸ್ತ್ರಿಯಂಥ ಹಿರಿಯರ ಕೆಳಗೆ ಪಳಗಿದ ಮೂರ್ತಿ, ಗುರುದತ್ತರ ಮೊದಲ ನಿರ್ದೇಶನದ ‘ಬಾಜಿ’ಯಲ್ಲಿ (1951) ಸಹಾಯಕರಾಗಿದ್ದಾಗ ಹಾಡೊಂದಕ್ಕೆ ಸೂಚಿಸಿದ ಕ್ಯಾಮೆರಾ ಚಲನೆ ನಿರ್ದೇಶಕರ ಮನಸ್ಸಿಗೆ ಹಿಡಿಸಿತು, ಮರುವರ್ಷದ ‘ಜಾಲ್’ನಿಂದ ಅವರು ಗುರುದತ್ತರ ಛಾಯಾಗ್ರಾಹಕರಾದರು.

‘ಕಾಗಜ್ ಕೆ ಫೂಲ್’ ಭಾರತದ ಮೊದಲ ಸಿನೆಮಾಸ್ಕೋಪ್ ಚಿತ್ರ ಎಂಬುದು ಪರಿಚಿತ ಸಂಗತಿ, ಆದರೆ ಅದರಿಂದ ತಂಡದ ಪ್ರತಿಯೊಬ್ಬನ ಕೆಲಸವೂ ಹೇಗೆ ಬದಲಾಯಿತೆಂಬುದು ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಅಮೆರಿಕದ ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಸಂಸ್ಥೆ 1953ರ ‘ದ ರೋಬ್’ ಚಿತ್ರದ ಮೂಲಕ ಬಳಕೆಗೆ ತಂದ ಈ ಪದ್ಧತಿಯಲ್ಲಿ ಕ್ಯಾಮೆರಾದ ಮುಂದಿನ ವಿಶೇಷ ಮಸೂರವು ದೃಶ್ಯದ ಅಡ್ಡಗಲವನ್ನು ಅರ್ಧಕ್ಕೆ ಕುಗ್ಗಿಸಿ ಮಾಮೂಲಿ 35 ಮಿಲಿಮೀಟರ್ ಫಿಲ್ಮಿನ ಮೇಲೆ ಮೂಡಿಸುತ್ತದೆ. ಚಿತ್ರಮಂದಿರದ ಪ್ರೊಜೆಕ್ಟರಿನಲ್ಲಿ ಅಂಥದ್ದೇ ಇನ್ನೊಂದು ಮಸೂರ ಅದನ್ನು ಮತ್ತೆ ಹಿಗ್ಗಿಸುತ್ತದೆ. ಹಳೆಯ ತೆರೆ 10 ಅಡಿ ಎತ್ತರಕ್ಕೆ 13–14 ಅಡಿ ಅಗಲವಿದ್ದರೆ, ಈ ತೆರೆ ಅಷ್ಟೇ ಎತ್ತರಕ್ಕೆ 23 ಅಡಿಗೂ ಹೆಚ್ಚು ಅಗಲವಾಗುತ್ತದೆ.

ಇಷ್ಟು ಅಗಲದ ಚೌಕಟ್ಟಿನಲ್ಲಿ ಇಬ್ಬರ ಆಪ್ತ ಸಂಭಾಷಣೆಯನ್ನು ಚಿತ್ರಿಸುವಾಗ ಎರಡು ಪಕ್ಕಗಳಲ್ಲಿ ಬಿದ್ದಿರುವ ಖಾಲಿ ಜಾಗವನ್ನು ಏನು ಮಾಡಬೇಕೆಂಬುದು ಮೊದಲ ತೊಡಕು. ಅದನ್ನು ಪೀಠೋಪಕರಣಗಳಿಂದ ತುಂಬುವ ಸುಲಭದ ದಾರಿಯನ್ನು ಈ ತಂಡ ಅನೇಕ ಕಡೆ ಬಿಟ್ಟುಕೊಟ್ಟು, ಖಾಲಿತನವನ್ನೇ ಪಾತ್ರದ ಒಂಟಿತನಕ್ಕೆ ಒದಗಿಸಿಕೊಂಡಿತು. ಸ್ಟುಡಿಯೊದ ವಿಶಾಲ ಕತ್ತಲೆಯ ನಡುವೆ ಚಿಕ್ಕದಾಗಿ ನಿಂತ ಮನುಷ್ಯಾಕೃತಿಗಳು ಈ ಚಿತ್ರದ ಉದ್ದಕ್ಕೂ ಕಾಣುತ್ತವೆ. ಎರಡನೆಯ ತೊಡಕು ಆಚ್ರೇಕರರದು: ಚೌಕಟ್ಟು ಅಗಲವಾದಾಗ ಸೆಟ್ಟೂ ಅಷ್ಟೇ ಅಗಲಕ್ಕೆ ಹಬ್ಬಬೇಕು, ಮೊದಲು ಕ್ಯಾಮೆರಾದ ಕಣ್ಣಿಗೆ ಬೀಳದಿದ್ದ ಮೂಲೆಗಳೂ ಸಿದ್ಧವಾಗಬೇಕು. ಮೂರನೆಯದು ಬೆಳಕಿನದು. ಆ ಕಾಲದ ಸಿನೆಮಾಸ್ಕೋಪ್ ಮಸೂರಗಳು ಸ್ಪಷ್ಟ ಬಿಂಬ ಕೊಡಬೇಕಾದರೆ ಹೆಚ್ಚು ಬೆಳಕನ್ನು ಬೇಡುತ್ತಿದ್ದವು, ದೀಪಗಳನ್ನು ಅಡಗಿಸಿಡಲು ಇದ್ದ ಪಕ್ಕದ ಜಾಗವೋ ಚೌಕಟ್ಟಿನೊಳಕ್ಕೆ ಹೋಗಿಬಿಟ್ಟಿತ್ತು.

ಇಲ್ಲಿ ಫೋಕಸ್ ಸಹಾಯಕನ ಕೆಲಸವನ್ನು ತುಸು ಹತ್ತಿರದಿಂದ ನೋಡಬೇಕು. ನಟ ಕ್ಯಾಮೆರಾದಿಂದ ಎಷ್ಟು ದೂರದಲ್ಲಿದ್ದಾನೆಂಬುದನ್ನು ಟೇಪು ಹಿಡಿದು ಅಳೆದು, ನೆಲದ ಮೇಲೆ ಸೀಮೆಸುಣ್ಣದ ಗುರುತು ಹಾಕಿ, ನಟ ಒಂದು ಗುರುತಿನಿಂದ ಇನ್ನೊಂದಕ್ಕೆ ನಡೆಯುವಾಗ ಅದೇ ವೇಗದಲ್ಲಿ ಮಸೂರದ ಉಂಗುರವನ್ನು ತಿರುಗಿಸುವುದು ಅವನ ಹೊಣೆ. ನಟ ಗುರುತಿಗಿಂತ ಒಂದು ಗೇಣು ಮುಂದೆ ನಿಂತರೂ ಮುಖ ಮಸುಕಾಗಬಹುದು. ಗುರುದತ್ತರಿಗೆ ಉದ್ದ ನಾಭಿದೂರದ, ಅಂದರೆ 75 ಮಿಲಿಮೀಟರಿನಂಥ, ಮಸೂರಗಳಲ್ಲಿ ಮುಖವನ್ನು ಹತ್ತಿರದಿಂದ ಹಿಡಿಯುವುದೆಂದರೆ ಪ್ರೀತಿ. ಇಂಥ ಮಸೂರದಲ್ಲಿ ಕಣ್ಣು ಸ್ಪಷ್ಟವಾಗಿದ್ದು ಹಿನ್ನೆಲೆ ಕರಗಿಹೋಗುತ್ತದೆ, ಆ ಚೆಲುವಿಗೆ ತೆರುವ ಬೆಲೆಯೆಂದರೆ ತಪ್ಪಿಗೆ ಎಡೆಯೇ ಇಲ್ಲದ ಫೋಕಸ್. ಪ್ರೇಕ್ಷಕ ವಹೀದಾ ಅವರ ಕಣ್ಣುಗಳನ್ನು ನೆನಪಿನಲ್ಲಿಟ್ಟುಕೊಂಡಿದ್ದರೆ ಅದರಲ್ಲಿ ಉಂಗುರ ತಿರುಗಿಸಿದ ಆ ಕೈಗೂ ಪಾಲಿದೆ.

ನಿರ್ದೇಶಕನೇ ನಾಯಕನಾದಾಗ ಎದುರಾಗುವ ಕಷ್ಟ ಇನ್ನೂ ಆಳವಾದದ್ದು. ಇಂದಿನ ಚಿತ್ರೀಕರಣದಲ್ಲಿ ಕ್ಯಾಮೆರಾ ಕಾಣುವುದೆಲ್ಲವೂ ಮಾನಿಟರಿನಲ್ಲಿ ಆ ಕ್ಷಣವೇ ಮೂಡುತ್ತದೆ, ನಟನೂ ಬಂದು ತನ್ನ ಶಾಟನ್ನು ಮತ್ತೆ ನೋಡಬಹುದು. 1950ರ ದಶಕದಲ್ಲಿ ಅಂಥ ಸೌಲಭ್ಯವಿರಲಿಲ್ಲ, ಶಾಟ್ ನಡೆಯುವಾಗ ಚೌಕಟ್ಟನ್ನು ನೋಡುತ್ತಿದ್ದುದು ಕ್ಯಾಮೆರಾದ ಹಿಂದಿನ ಕಣ್ಣು ಮಾತ್ರ. ಆದ್ದರಿಂದ ಗುರುದತ್ ಕ್ಯಾಮೆರಾದ ಎದುರು ನಿಂತಾಗಲೆಲ್ಲ ಚೌಕಟ್ಟು ಸರಿಯಿತ್ತೇ, ಬೆಳಕು ಮುಖಕ್ಕೆ ಸರಿಯಾಗಿ ಬಿತ್ತೇ ಎಂಬುದಕ್ಕೆ ತಂಡದವರ ಮಾತನ್ನೇ ನೆಚ್ಚಬೇಕಾಗಿತ್ತು. ಚಿತ್ರವನ್ನು ಒಬ್ಬ ನಿರ್ದೇಶಕನ ಏಕಾಂಗಿ ಸೃಷ್ಟಿಯೆಂದು ಬಣ್ಣಿಸುವ ವಾಡಿಕೆ ‘ಕಾಗಜ್ ಕೆ ಫೂಲ್’ನ ಬಗ್ಗೆ ವಿಶೇಷವಾಗಿ ಬೆಳೆದಿದೆ, ಅದನ್ನು ಗುರುದತ್ತರ ಆತ್ಮಕಥೆಯೆಂದು ಓದುವವರೂ ಬಹಳ, ಆದರೆ ತನ್ನ ಮುಖ್ಯ ದೃಶ್ಯಗಳನ್ನು ತಾನೇ ನೋಡಲಾಗದ ನಿರ್ದೇಶಕನೊಬ್ಬನ ಚಿತ್ರ ಇಷ್ಟು ಅಚ್ಚುಕಟ್ಟಾಗಿ ಮೂಡಿರುವುದು ಇತರರ ಕಣ್ಣಿನ ಮೇಲೆ ಅವನು ಇಟ್ಟ ನಂಬಿಕೆಗೆ ಸಾಕ್ಷಿ.

ಪರೀಕ್ಷೆಗೆ ಇದ್ದ ಇನ್ನೊಂದು ದಾರಿ ‘ರಷಸ್’. ಒಂದು ದಿನ ಚಿತ್ರಿಸಿದ ನೆಗೆಟಿವನ್ನು ಲ್ಯಾಬಿಗೆ ಕಳಿಸಿ, ಸಂಸ್ಕರಿಸಿ, ಅದರಿಂದ ಆತುರದಲ್ಲಿ ತೆಗೆದ ಪಾಸಿಟಿವ್ ಪ್ರತಿಯನ್ನು ತಂಡದ ಮುಖ್ಯರು ಕತ್ತಲ ಕೋಣೆಯಲ್ಲಿ ಕುಳಿತು ನೋಡುವ ಕ್ರಮ ಇದು. ‘ಕಾಗಜ್ ಕೆ ಫೂಲ್’ನ ಕಥೆ ತಿರುವು ಪಡೆಯುವುದೂ ಇಂಥದೊಂದು ರಷಸ್ ವೀಕ್ಷಣೆಯಲ್ಲಿಯೇ: ಮಳೆಯ ದಿನ ಸುರೇಶ ಕೊಟ್ಟ ಕೋಟನ್ನು ಹಿಂದಿರುಗಿಸಲು ಬಂದ ಶಾಂತಿ ತಿಳಿಯದೆ ಓಡುತ್ತಿರುವ ಕ್ಯಾಮೆರಾದ ಮುಂದೆ ಹಾದುಬಿಡುತ್ತಾಳೆ, ಹಾಳಾದ ಆ ತುಣುಕನ್ನು ತೆರೆಯ ಮೇಲೆ ಕಂಡಾಗ ತಾನು ತೆಗೆಯುತ್ತಿರುವ ‘ದೇವದಾಸ್’ಗೆ ಬೇಕಾದ ಪಾರೋ ಇವಳೇ ಎಂದು ಸುರೇಶ ಅರಿಯುತ್ತಾನೆ. ಅಭಿನಯಿಸದೆ ಇರುವ ಮುಖಕ್ಕೆ ಕ್ಯಾಮೆರಾ ತೋರುವ ಒಲವನ್ನು ಬಲ್ಲವರು ಮಾತ್ರ ಬರೆಯಬಹುದಾದ ಪ್ರಸಂಗ ಅದು.

ಸ್ಟುಡಿಯೊದ ಬೆಳಕಿನ ಲೋಕಕ್ಕೆ ಅದರದೇ ಆದ ಮೇಲ್ಮಹಡಿಯೊಂದಿದೆ. ಚಾವಣಿಗೆ ಸಮೀಪದಲ್ಲಿ ಹಲಗೆಗಳಿಂದ ಕಟ್ಟಿದ ಕಿರಿದಾದ ಅಟ್ಟಣಿಗೆಗಳ ಮೇಲೆ ಲೈಟ್‌ಬಾಯ್‌ಗಳು ಓಡಾಡುತ್ತ, ‘ಬೇಬಿ’ ಎಂಬ ಚಿಕ್ಕ ದೀಪದಿಂದ ‘ಸೋಲಾರ್’ ಎಂಬ ಭಾರಿ ದೀಪದವರೆಗೆ ಎಲ್ಲವನ್ನೂ ಛಾಯಾಗ್ರಾಹಕನ ಕೂಗಿಗೆ ತಕ್ಕಂತೆ ತಿರುಗಿಸುತ್ತಾರೆ. ಬೇಡದ ಕಡೆಗೆ ಚೆಲ್ಲುವ ಬೆಳಕನ್ನು ‘ಕಟ್ಟರ್’ ಎಂಬ ಕಪ್ಪು ಹಲಗೆಯಿಂದ ತಡೆಯುತ್ತಾರೆ. ಕಪ್ಪು–ಬಿಳುಪು ಚಿತ್ರದಲ್ಲಿ ಸೀರೆಯನ್ನು ಗೋಡೆಯಿಂದ, ಕೂದಲನ್ನು ಕತ್ತಲಿನಿಂದ ಬೇರ್ಪಡಿಸಲು ಬಣ್ಣದ ನೆರವಿರುವುದಿಲ್ಲವಾದ್ದರಿಂದ ಈ ಕೆಲಸದ ಭಾರ ಇನ್ನೂ ಹೆಚ್ಚು. ಆ ಕಾಲದ ಚಿತ್ರಗಳ ಹೆಸರುಪಟ್ಟಿಯಲ್ಲಿ ಇವರಿಗೆ ಸಾಮಾನ್ಯವಾಗಿ ಜಾಗವಿರುತ್ತಿರಲಿಲ್ಲ.

ಈ ಚಿತ್ರದ ಅತ್ಯಂತ ಪ್ರಸಿದ್ಧ ದೃಶ್ಯಕ್ಕೆ ಬೆಳಕು ಕೊಟ್ಟದ್ದು ಮಾತ್ರ ಈ ಯಾವ ದೀಪವೂ ಅಲ್ಲ. ಕೈಫಿ ಆಜ್ಮಿ ಬರೆದು ಗೀತಾ ದತ್ ಹಾಡಿದ ‘ವಕ್ತ್ ನೇ ಕಿಯಾ’ ಗೀತೆಯಲ್ಲಿ ಸುರೇಶ ಮತ್ತು ಶಾಂತಿ ಖಾಲಿ ಸ್ಟುಡಿಯೊದಲ್ಲಿ ದೂರದೂರ ನಿಂತಿರುವಾಗ ಮೇಲಿನಿಂದ ದಪ್ಪನೆಯ ಬಿಸಿಲುಕೋಲೊಂದು ಓರೆಯಾಗಿ ನೆಲಕ್ಕಿಳಿಯುತ್ತದೆ. ಅವರ ದೇಹಗಳಿಂದ ನೆರಳಿನಂಥ ರೂಪಗಳು ಹೊರಟು ಆ ಬೆಳಕಿನಲ್ಲಿ ಒಂದಾಗುತ್ತವೆ. ಸ್ಟುಡಿಯೊ ದೀಪ ಎಷ್ಟೇ ದೊಡ್ಡದಿದ್ದರೂ ಅದರ ಕಿರಣಗಳು ಹತ್ತಿರದ ಮೂಲದಿಂದ ಹೊರಡುವುದರಿಂದ ದೂರ ಹೋದಂತೆ ಬೀಸಣಿಗೆಯ ಹಾಗೆ ಹರಡುತ್ತವೆ, ಸೂರ್ಯನ ಕಿರಣಗಳು ಬಹುಮಟ್ಟಿಗೆ ಸಮಾನಾಂತರವಾಗಿ ಬರುತ್ತವೆ. ಹಾಗಾಗಿ ಸ್ಪಷ್ಟ ಅಂಚುಳ್ಳ ನೇರ ಕಂಬದಂಥ ಬೆಳಕಿಗೆ ಬಿಸಿಲೇ ಬೇಕು. ಮೂರ್ತಿಯವರು ಎರಡು ದೊಡ್ಡ ಕನ್ನಡಿಗಳನ್ನು ತರಿಸಿ, ಒಂದನ್ನು ಹೊರಗೆ ಬಿಸಿಲಿನಲ್ಲಿ ನಿಲ್ಲಿಸಿ, ಅದು ಒಳಕ್ಕೆ ಎಸೆದ ಬಿಸಿಲನ್ನು ಮೇಲಿನ ಅಟ್ಟಣಿಗೆಯಲ್ಲಿಟ್ಟ ಇನ್ನೊಂದು ಕನ್ನಡಿಯಿಂದ ಹಿಡಿದು ನೆಲಕ್ಕೆ ಇಳಿಸಿದರು.

ಉಪಾಯ ಕೇಳಲು ಸರಳ, ನಡೆಸಲು ಹಾಗಲ್ಲ. ಬೆಳಕು ಶುದ್ಧ ಗಾಳಿಯಲ್ಲಿ ಹಾದುಹೋಗುವಾಗ ಕಣ್ಣಿಗೆ ಕಾಣುವುದಿಲ್ಲ, ಗಾಳಿಯಲ್ಲಿ ಧೂಳೋ ಹೊಗೆಯೋ ತೇಲುತ್ತಿದ್ದರೆ ಮಾತ್ರ ಅದರ ಕೋಲು ಮೂಡುತ್ತದೆ; ಆ ಹೊಗೆ ಹೆಚ್ಚಾದರೆ ನಟರ ಮುಖ ಮಬ್ಬಾಗುತ್ತದೆ, ಕಡಿಮೆಯಾದರೆ ಕೋಲು ಕರಗುತ್ತದೆ. ಸೂರ್ಯನೂ ನಿಲ್ಲುವವನಲ್ಲ. ಗಂಟೆಗೆ ಸುಮಾರು 15 ಡಿಗ್ರಿಯಂತೆ ಅವನು ಸರಿಯುವಾಗ ಕದಲದ ಕನ್ನಡಿಯ ಪ್ರತಿಫಲನವೂ ಅಷ್ಟೇ ಕೋನದಲ್ಲಿ ಸರಿಯುತ್ತದೆ. 10 ಮೀಟರ್ ದೂರದಲ್ಲಿ ಬಿದ್ದ ಬೆಳಕು ನಾಲ್ಕೇ ನಿಮಿಷದಲ್ಲಿ ಸುಮಾರು 17 ಸೆಂಟಿಮೀಟರ್ ಜರುಗಿಬಿಡುತ್ತದೆ. ಕನ್ನಡಿಯನ್ನು ಹಿಡಿದವರು ಮತ್ತೆ ಮತ್ತೆ ಅದನ್ನು ತಿದ್ದದಿದ್ದರೆ ಆ ಬಿಸಿಲುಕೋಲು ತನ್ನ ಜಾಗದಲ್ಲಿ ನಿಲ್ಲುವಂತಿರಲಿಲ್ಲ. ಮೂರ್ತಿಯವರ ಜೀವನವನ್ನು ಕನ್ನಡದಲ್ಲಿ ಬರೆದ ಉಮಾ ರಾವ್ ತಮ್ಮ ಪುಸ್ತಕಕ್ಕೆ ‘ಬಿಸಿಲು ಕೋಲು’ ಎಂದೇ ಹೆಸರಿಟ್ಟಿದ್ದಾರೆ.

ಹಾಡಿನ ಚಿತ್ರೀಕರಣದಲ್ಲಿ ಸಾಮಾನ್ಯವಾಗಿ ಮೊದಲೇ ಧ್ವನಿಮುದ್ರಿಸಿದ ಗೀತೆಯನ್ನು ಸ್ಟುಡಿಯೊದಲ್ಲಿ ನುಡಿಸಿ, ನಟರು ಅದಕ್ಕೆ ಸರಿಯಾಗಿ ತುಟಿಯಾಡಿಸುತ್ತಾರೆ. ಸಂಕಲನಕಾರ ತುಟಿ ಮತ್ತು ಸ್ವರ ತಪ್ಪದಂತೆ ತುಣುಕುಗಳನ್ನು ಜೋಡಿಸುತ್ತಾನೆ. ಈ ಗೀತೆಯಲ್ಲಿ ಯಾರೂ ತುಟಿಯಾಡಿಸುವುದಿಲ್ಲ. ಹಾಡು ಹಿನ್ನೆಲೆಯಲ್ಲಿ ಹರಿಯುವುದರಿಂದ ಕ್ಯಾಮೆರಾಗೆ ಬಾಯಿಯ ಹತ್ತಿರ ಕಾವಲು ನಿಲ್ಲುವ ಅಗತ್ಯ ತಪ್ಪಿ, ದೂರ ಸರಿಯುವ, ಸುತ್ತಿ ಬರುವ, ಮೌನ ಮುಖಗಳ ಮೇಲೆ ತಂಗುವ ಬಿಡುವು ಸಿಕ್ಕಿತು, ಬರ್ಮನ್ನರ ನಿಧಾನಗತಿಯ ಸ್ವರಸಂಯೋಜನೆಯ ಉಸಿರನ್ನು ಅನುಸರಿಸಿ ಶಾಟುಗಳನ್ನು ಹೆಣೆಯಲು ಸಂಕಲನಕಾರ ಚವಾಣ್ ಅವರಿಗೆ ದಾರಿಯಾಯಿತು.

ಇಷ್ಟು ಮಂದಿಯ ಇಷ್ಟು ದುಡಿಮೆಯ ಚಿತ್ರ ಬಿಡುಗಡೆಯಾದಾಗ ಸೋತಿತು. ಮೂರ್ತಿ ಮತ್ತು ಆಚ್ರೇಕರ್ ಇಬ್ಬರಿಗೂ ಫಿಲ್ಮ್‌ಫೇರ್ ಪ್ರಶಸ್ತಿ ಬಂದಿತಾದರೂ ಗುರುದತ್ ಮುಂದೆ ಯಾವ ಚಿತ್ರಕ್ಕೂ ನಿರ್ದೇಶಕನೆಂದು ತಮ್ಮ ಹೆಸರು ಹಾಕಿಕೊಳ್ಳಲಿಲ್ಲ; 1962ರ ‘ಸಾಹಿಬ್ ಬೀಬಿ ಔರ್ ಗುಲಾಮ್’ ಅಬ್ರಾರ್ ಅಲ್ವಿಯವರ ನಿರ್ದೇಶನದಲ್ಲಿ ಹೊರಬಂತು, 1964ರ ಅಕ್ಟೋಬರ್ 10ರಂದು ಗುರುದತ್ ತೀರಿಕೊಂಡಾಗ ಅವರಿಗೆ 39 ವರ್ಷ. ‘ಕಾಗಜ್ ಕೆ ಫೂಲ್’ ಶ್ರೇಷ್ಠ ಕೃತಿಯೆಂದು ದೇಶವಿದೇಶಗಳಲ್ಲಿ ಮನ್ನಣೆ ಪಡೆದದ್ದು ಅವರು ಹೋದ ಎಷ್ಟೋ ವರ್ಷಗಳ ಮೇಲೆ.

ತಂಡ ಚದುರಿದರೂ ವಿದ್ಯೆ ಚದುರಲಿಲ್ಲ. ಎಸ್.ಜೆ.ಪಿ.ಯಲ್ಲಿಯೇ ಓದಿ ಮೂರ್ತಿಯವರ ಸಹಾಯಕರಾಗಿ ದುಡಿದ ಗೋವಿಂದ ನಿಹಲಾನಿ, ಗಿರೀಶ ಕಾರ್ನಾಡರ ‘ಕಾಡು’ (1973) ಚಿತ್ರಕ್ಕೆ ಛಾಯಾಗ್ರಾಹಕರಾದರು. ಅದೇ ನಿಹಲಾನಿ ಮುಂದೆ ‘ತಮಸ್’ ನಿರ್ದೇಶಿಸಿದಾಗ ಕ್ಯಾಮೆರಾದ ಹಿಂದೆ ನಿಂತವರು ಅವರ ಗುರು ಮೂರ್ತಿ. ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿ ಎಸ್.ವಿ. ರಾಜೇಂದ್ರ ಸಿಂಗ್ ಬಾಬು ನಿರ್ದೇಶಿಸಿದ ‘ಹೂವು ಹಣ್ಣು’ (1993) ಚಿತ್ರದಿಂದ ಕನ್ನಡಕ್ಕೂ ಮೂರ್ತಿಯವರ ಬೆಳಕು ದೊರೆಯಿತು. 2008ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಾಗ, 1969ರಲ್ಲಿ ಆರಂಭವಾದ ಈ ಗೌರವವನ್ನು ಛಾಯಾಗ್ರಹಣವನ್ನೇ ಜೀವನವೃತ್ತಿಯಾಗಿ ಮಾಡಿಕೊಂಡ ತಂತ್ರಜ್ಞರೊಬ್ಬರು ಪಡೆದದ್ದು ಅದೇ ಮೊದಲು.