ಸಾರ್ವಜನಿಕ ವಲಯ, ಖಾಸಗಿ ವಲಯ: ಬದಲಾಗುವ ಗಡಿ ಮತ್ತು ಸಣ್ಣ ಉದ್ಯಮಿ

ಯಾವ ಉದ್ಯಮವನ್ನು ಸರ್ಕಾರ ನಡೆಸಬೇಕು, ಯಾವುದನ್ನು ಖಾಸಗಿಯವರಿಗೆ ಬಿಡಬೇಕು ಎಂಬುದು ಅರ್ಥಶಾಸ್ತ್ರಜ್ಞರ ಚರ್ಚೆಗಷ್ಟೇ ಸೀಮಿತವಾದ ಪ್ರಶ್ನೆಯಲ್ಲ. ಸಾರ್ವಜನಿಕ ಉದ್ಯಮವೊಂದಕ್ಕೆ ಬಿಡಿಭಾಗ ಪೂರೈಸುವ ಸಣ್ಣ ಕಾರ್ಖಾನೆಯ ಪಾಲಿಗೆ, ಖರೀದಿದಾರರ ಒಡೆತನ ಬದಲಾದರೆ ಖರೀದಿಯ ನಿಯಮವೂ ಬಾಕಿ ವಸೂಲಿಯ ದಾರಿಯೂ ಬದಲಾಗಬಹುದು.

ವಿಂಗಡಣೆಯ ಹಿನ್ನೆಲೆ

ಸರ್ಕಾರದ ಒಡೆತನಕ್ಕೆ ಸಾಮಾನ್ಯವಾಗಿ ಮೂರು ಸಮರ್ಥನೆಗಳನ್ನು ನೀಡಲಾಗುತ್ತದೆ: ದೇಶದ ಭದ್ರತೆ, ರೈಲು ಮಾರ್ಗದಂತೆ ಒಂದೇ ಜಾಲ ಸಾಕಾಗುವ, ಸ್ಪರ್ಧೆಗೆ ಆಸ್ಪದವಿಲ್ಲದ ಸೇವೆಗಳು, ಭಾರಿ ಬಂಡವಾಳ ಬೇಡಿ ತಡವಾಗಿ ಲಾಭ ನೀಡುವ ಮೂಲ ಕೈಗಾರಿಕೆಗಳು. 1944ರ ಮುಂಬಯಿ ಯೋಜನೆಯಲ್ಲಿ ಜೆ.ಆರ್.ಡಿ. ಟಾಟಾ, ಜಿ.ಡಿ. ಬಿರ್ಲಾ ಮೊದಲಾದ ಉದ್ಯಮಪತಿಗಳೇ ಅರ್ಥವ್ಯವಸ್ಥೆಯಲ್ಲಿ ಸರ್ಕಾರದ ಸಕ್ರಿಯ ಪಾತ್ರವನ್ನು ಒಪ್ಪಿದ್ದರು. ಮೈಸೂರು ಸಂಸ್ಥಾನದ ಅನುಭವವೂ ಇದಕ್ಕೆ ಹೊರತಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು ಸರ್ಕಾರವೇ ಸ್ಥಾಪಿಸಿತು. 1940ರಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆಯನ್ನು ವಾಲ್‌ಚಂದ್ ಹೀರಾಚಂದ್ ಅವರು ಸಂಸ್ಥಾನದ ಸಹಭಾಗಿತ್ವದಲ್ಲಿ ಆರಂಭಿಸಿದರು.

1948ರ ಕೈಗಾರಿಕಾ ನೀತಿ ನಿರ್ಣಯವು ಶಸ್ತ್ರಾಸ್ತ್ರ, ಅಣುಶಕ್ತಿ ಮತ್ತು ರೈಲ್ವೆಯನ್ನು ಕೇಂದ್ರದ ಏಕಸ್ವಾಮ್ಯಕ್ಕೆ ಒಳಪಡಿಸಿತು. ಕಲ್ಲಿದ್ದಲು, ಉಕ್ಕು ಸೇರಿದಂತೆ ಆರು ಉದ್ಯಮಗಳಲ್ಲಿ ಹೊಸ ಘಟಕಗಳ ಸ್ಥಾಪನೆಯನ್ನು ಸರ್ಕಾರಕ್ಕೆ ಮೀಸಲಿಟ್ಟಿತು. 1956ರ ನಿರ್ಣಯದ 'ಎ' ಅನುಸೂಚಿಯಲ್ಲಿ 17 ಹಾಗೂ 'ಬಿ' ಅನುಸೂಚಿಯಲ್ಲಿ 12 ಉದ್ಯಮಗಳಿದ್ದವು. ಮೊದಲನೆಯದು ಸರ್ಕಾರದ ಹೊಣೆ, ಎರಡನೆಯದರಲ್ಲಿ ಸರ್ಕಾರದ ಪಾತ್ರ ಕ್ರಮೇಣ ಹಿಗ್ಗಬೇಕಿದ್ದರೂ ಖಾಸಗಿಯವರಿಗೆ ಅವಕಾಶವಿತ್ತು, ಉಳಿದವು ಖಾಸಗಿಯವರಿಗೆ. ಆದರೂ ಈ ಗೆರೆ ಬಿಗಿಯಾಗಿರಲಿಲ್ಲ. ಉಕ್ಕು 'ಎ' ಅನುಸೂಚಿಯಲ್ಲಿದ್ದರೂ ಟಾಟಾ ಉಕ್ಕಿನ ಕಾರ್ಖಾನೆ ಖಾಸಗಿಯಾಗಿಯೇ ಉಳಿಯಿತು.

ಗೆರೆ ಸರಿದ ಬಗೆ

1991ರ ಜುಲೈನ ನೀತಿಯು ಮೀಸಲು ಉದ್ಯಮಗಳನ್ನು 17ರಿಂದ 8ಕ್ಕೆ ಇಳಿಸಿತು. 2001ರಲ್ಲಿ ರಕ್ಷಣಾ ಉತ್ಪಾದನೆ, 2020ರಲ್ಲಿ ವಾಣಿಜ್ಯ ಉದ್ದೇಶದ ಕಲ್ಲಿದ್ದಲು ಗಣಿಗಾರಿಕೆ ಖಾಸಗಿಯವರಿಗೆ ತೆರೆದವು. ಸಣ್ಣ ಕೈಗಾರಿಕೆಗಳಿಗೆಂದು 1967ರಲ್ಲಿ 47 ವಸ್ತುಗಳಿಂದ ಆರಂಭವಾದ ಮೀಸಲಾತಿ 800ಕ್ಕೂ ಹೆಚ್ಚು ವಸ್ತುಗಳವರೆಗೆ ಬೆಳೆದು 2015ರಲ್ಲಿ ಕೊನೆಗೊಂಡಿತು. 2021ರಲ್ಲಿ ಪ್ರಕಟವಾದ ಸಾರ್ವಜನಿಕ ಉದ್ಯಮ ನೀತಿಯು ನಾಲ್ಕು ಆಯಕಟ್ಟಿನ ಕ್ಷೇತ್ರಗಳಲ್ಲಿ ಮಾತ್ರ ಸರ್ಕಾರದ ಕನಿಷ್ಠ ಉಪಸ್ಥಿತಿಯನ್ನು ಉಳಿಸಿಕೊಳ್ಳುವ, ಉಳಿದೆಡೆ ಮಾರಾಟ ಇಲ್ಲವೇ ಮುಚ್ಚುವಿಕೆಯನ್ನು ಪರಿಶೀಲಿಸುವ ಉದ್ದೇಶ ಹೊಂದಿದೆ.

ಪೂರೈಕೆದಾರರು ಗಮನಿಸಬೇಕಾದುದು

ಸರ್ಕಾರ ತನ್ನ ಷೇರುಗಳಲ್ಲಿ ಕೆಲವನ್ನು ಮಾರಿ ಶೇ. 51ಕ್ಕೆ ಕಡಿಮೆಯಿಲ್ಲದಷ್ಟು ಉಳಿಸಿಕೊಂಡರೆ ಅದು ಸರ್ಕಾರಿ ಕಂಪನಿಯಾಗಿಯೇ ಮುಂದುವರಿಯುತ್ತದೆ. ಆಡಳಿತ ಹಕ್ಕಿನ ಸಮೇತ ಖಾಸಗಿಯವರಿಗೆ ಮಾರಿದಾಗ ಪರಿಸ್ಥಿತಿ ಬೇರೆ.

1. ಒಪ್ಪಂದ: ಷೇರುಗಳು ಕೈಬದಲಾದರೂ ಕಂಪನಿ ಅದೇ ಆಗಿರುವುದರಿಂದ ಹಳೆಯ ಖರೀದಿ ಆದೇಶ ಮತ್ತು ಬಾಕಿ ಊರ್ಜಿತವಾಗಿರುತ್ತವೆ. ಒಂದು ಘಟಕವನ್ನಷ್ಟೇ ಮಾರಿದರೆ ಬಾಕಿಯ ಹೊಣೆ ಯಾರದೆಂಬುದನ್ನು ವರ್ಗಾವಣೆಯ ಷರತ್ತುಗಳಲ್ಲಿ ನೋಡಬೇಕಾಗುತ್ತದೆ.

2. ಖರೀದಿ ಆದ್ಯತೆ: 2012ರ ಸಾರ್ವಜನಿಕ ಖರೀದಿ ನೀತಿಯಡಿ ಕೇಂದ್ರೋದ್ಯಮಗಳು ವಾರ್ಷಿಕ ಖರೀದಿಯ ಕನಿಷ್ಠ ಶೇ. 25ರಷ್ಟನ್ನು ಅತಿ ಸಣ್ಣ ಮತ್ತು ಸಣ್ಣ ಉದ್ಯಮಗಳಿಂದ ಪಡೆಯಬೇಕು. 2018ಕ್ಕೆ ಮುನ್ನ ಈ ಪ್ರಮಾಣ ಶೇ. 20 ಆಗಿತ್ತು. ಖಾಸಗಿ ಒಡೆಯರಿಗೆ ಈ ನಿರ್ಬಂಧವಿಲ್ಲ.

3. ವಿಳಂಬ ಪಾವತಿ: 2006ರ ಅಧಿನಿಯಮದ 15ನೇ ಪ್ರಕರಣವು ಪಾವತಿಯ ಅವಧಿ 45 ದಿನ ಮೀರಬಾರದೆನ್ನುತ್ತದೆ, ಮೀರಿದರೆ 16ನೇ ಪ್ರಕರಣದಂತೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸಲ್ಲಬೇಕು. ಖರೀದಿದಾರರು ಸರ್ಕಾರವಿರಲಿ, ಖಾಸಗಿಯಿರಲಿ, ಈ ರಕ್ಷಣೆ ಒಂದೇ. ಆದರೆ 2021ರಿಂದ ಉದ್ಯಮ್ ನೋಂದಣಿ ಪಡೆದ ವರ್ತಕರಿಗೆ ಆದ್ಯತಾ ವಲಯದ ಸಾಲದ ಸೌಲಭ್ಯ ಮಾತ್ರ ಲಭ್ಯವಿದ್ದು, ಈ ರಕ್ಷಣೆ ವಿಸ್ತರಿಸಿಲ್ಲ.

4. ನ್ಯಾಯಾಲಯ: ಸರ್ಕಾರಿ ಕಂಪನಿಯ ಅನ್ಯಾಯದ ತೀರ್ಮಾನದ ವಿರುದ್ಧ ತಕ್ಕ ಪ್ರಕರಣಗಳಲ್ಲಿ ರಿಟ್ ಅರ್ಜಿ ಸಲ್ಲಿಸಬಹುದು. ಏರ್ ಇಂಡಿಯಾ 2022ರ ಜನವರಿಯಲ್ಲಿ ಟಾಟಾ ಸಮೂಹಕ್ಕೆ ಹಸ್ತಾಂತರವಾದ ನಂತರ ಅದರ ವಿರುದ್ಧ ರಿಟ್ ನಡೆಯದೆಂದು ಸರ್ವೋಚ್ಚ ನ್ಯಾಯಾಲಯವು 2024ರಲ್ಲಿ ತೀರ್ಪಿತ್ತಿತು.

ಮುಚ್ಚುವಿಕೆಯ ಅಪಾಯ ಇದಕ್ಕಿಂತ ದೊಡ್ಡದು. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು. ಅಂತಹ ಸಂದರ್ಭದಲ್ಲಿ ನೌಕರರಿಗೆ ಸ್ವಯಂನಿವೃತ್ತಿ ಪರಿಹಾರ ದೊರೆಯಬಹುದು. ಬಿಡಿಭಾಗ ಪೂರೈಸುವವರಿಗೆ ಬಾಕಿ ಹಣದ ಹೊರತು ಬೇರೇನೂ ಬರುವುದಿಲ್ಲ.

ಆದುದರಿಂದ ಪ್ರತಿ ವರ್ಷಾಂತ್ಯದಲ್ಲಿ, ಒಟ್ಟು ಮಾರಾಟದಲ್ಲಿ ಒಬ್ಬನೇ ಖರೀದಿದಾರನ ಪಾಲು ಎಷ್ಟೆಂಬುದನ್ನು ಸಣ್ಣ ಉದ್ಯಮಿಯು ಲೆಕ್ಕ ಹಾಕುವುದು ಅಗತ್ಯ. ಅದು ಅರ್ಧಕ್ಕಿಂತ ಹೆಚ್ಚಿದ್ದರೆ ಆ ಸಂಸ್ಥೆಯ ಒಡೆತನದ ಸುದ್ದಿಯನ್ನು ತನ್ನ ಸ್ವಂತ ಕಾರ್ಖಾನೆಯ ಸುದ್ದಿಯೆಂದೇ ತಿಳಿದು, ಎರಡನೆಯ ಗ್ರಾಹಕನನ್ನು ಹುಡುಕಲು ಆರಂಭಿಸುವುದು ಲೇಸು.