ಗರ್ಭಕೊರಳಿನ ತಪಾಸಣೆ: ಆ ಕಾಗದದಲ್ಲಿ ಬರೆದಿರುವುದೇನು?

ಕಳೆದ ಮುಂಗಾರಿನ ಆರಂಭದಲ್ಲಿ ಒಂದು ಸಂಜೆ ವಾಸ್ಕೋದ ನಮ್ಮ ಮನೆಯ ಬಾಗಿಲಿಗೆ ಬಂದ ಹೆಣ್ಣುಮಗಳೊಬ್ಬಳು, ಸೆರಗಿನ ಗಂಟು ಬಿಚ್ಚಿ ನಾಲ್ಕು ಮಡಿಕೆಯ ಕಾಗದವೊಂದನ್ನು ನಮ್ಮ ಕೈಗಿತ್ತಳು. ಗದಗ ಸೀಮೆಯಿಂದ ಬಂದು ಝುವಾರಿನಗರದಲ್ಲಿ ಹದಿನೈದು ವರುಷಗಳಿಂದ ನೆಲೆಸಿದವಳು. ವಯಸ್ಸು ಮೂವತ್ತೆಂಟು, ಗಂಡ ಗೌಂಡಿ ಕೆಲಸದವನು.

“ಅಕ್ಕಾರ, ಇದರಾಗ ಏನ್ ಬರದಾರ, ಓದಿ ಹೇಳ್ರಿ. ದವಾಖಾನ್ಯಾಗ ಕೊಂಕಣಿಯೊಳಗ ಹೇಳಿದ್ರು. ಅರ್ಧ ತಿಳೀತು, ಅರ್ಧ ತಿಳೀಲಿಲ್ಲ. ಬಾಜೂ ಮನ್ಯಾಕಿ ಇದು ಕ್ಯಾನ್ಸರ್ರೇ ಅಂತಾಳ್ರಿ.”

ಕಾಗದವು ಇಂಗ್ಲಿಷಿನಲ್ಲಿತ್ತು. ಪ್ಯಾಪ್ ಪರೀಕ್ಷೆಯ ವರದಿ. ಕೆಳಗಿನ ಸಾಲಿನಲ್ಲಿ ‘ಎ.ಎಸ್.ಸಿ.-ಯು.ಎಸ್.’ ಎಂಬ ಐದಕ್ಷರಗಳಿದ್ದವು. ಕ್ಯಾನ್ಸರ್ ಎಂಬ ಪದ ಎಲ್ಲಿಯೂ ಇರಲಿಲ್ಲ. ಆದರೆ ಆಕೆಯ ಮನೆಯಲ್ಲಿ ಅಷ್ಟರಲ್ಲೇ ನಿರ್ಧಾರವಾಗಿ ಹೋಗಿತ್ತು: ಮುಂದಿನ ವಾರ ಊರಿಗೆ ಹೋಗಿ ‘ಚೀಲ ತೆಗೆಸಿಬಿಡುವುದು’. ಹುಬ್ಬಳ್ಳಿಗೆ ರೈಲು ಟಿಕೆಟ್ ಆಗಿತ್ತು. ಸಂಘದಲ್ಲಿ ನಲವತ್ತು ಸಾವಿರ ರೂಪಾಯಿ ಸಾಲಕ್ಕೂ ಹೇಳಿಯಾಗಿತ್ತು. ಯಾವ ಕಾಯಿಲೆಗೆಂದು ಕೇಳಿದರೆ ಆ ಮನೆಯಲ್ಲಿ ಉತ್ತರ ಕೊಡಬಲ್ಲವರು ಒಬ್ಬರೂ ಇರಲಿಲ್ಲ.

ಗೋವೆಯಲ್ಲಿ ನೆಲೆಸಿದ ನಮ್ಮ ಕನ್ನಡ ಕುಟುಂಬಗಳಲ್ಲಿ ಇಂತಹ ಕಾಗದಗಳು ಇನ್ನೆಷ್ಟು ಸೆರಗಿನ ಗಂಟಿನಲ್ಲಿವೆಯೋ! ಆದುದರಿಂದ ಈ ವಿಷಯವನ್ನು ಸಂಕೋಚವಿಲ್ಲದೆ ಇಲ್ಲಿ ಬಿಡಿಸಿ ಹೇಳಲು ಯತ್ನಿಸಿದ್ದೇವೆ.

ಗರ್ಭಕೋಶವನ್ನು ತಲೆಕೆಳಗಾಗಿಸಿದ ಒಂದು ಸಣ್ಣ ಸೋರೆಬುರುಡೆಯೆಂದು ಭಾವಿಸಿದರೆ, ಯೋನಿಯೊಳಕ್ಕೆ ಇಳಿದಿರುವ ಅದರ ಕಿರಿದಾದ ಕತ್ತೇ ಗರ್ಭಕೊರಳು. ಹೆರಿಗೆಯಲ್ಲಿ ಹಿಗ್ಗಿ ಕೂಸಿಗೆ ದಾರಿ ಕೊಡುವುದು ಇದೇ. ಹೊರಮೈಯ ಚಪ್ಪಟೆ ಜೀವಕೋಶಗಳೂ ಒಳನಾಳದ ಲೋಳೆ ಸುರಿಸುವ ಜೀವಕೋಶಗಳೂ ಇಲ್ಲಿ ಸಂಧಿಸುತ್ತವೆ. ಕೊರಳಿನ ಬಹುಪಾಲು ತೊಂದರೆಗಳು ಹುಟ್ಟುವುದು ಈ ಸಂಧಿಯ ಗಡಿಯಲ್ಲಿ.

ಎಲ್ಲ ತೊಂದರೆಯೂ ಭಯಂಕರವಲ್ಲ. ಒಳಗಿನ ಕೆಂಪು ಪದರ ಹೊರಬಾಯಿಯವರೆಗೆ ಹರಡಿಕೊಂಡಿದ್ದರೆ ಹಿಂದಿನ ವೈದ್ಯರು ಅದನ್ನು ‘ಹುಣ್ಣು’ ಎನ್ನುತ್ತಿದ್ದರು. ಅದು ಹುಣ್ಣಲ್ಲ, ಹರೆಯದಲ್ಲಿ, ಬಸಿರಿನಲ್ಲಿ, ಗುಳಿಗೆ ನುಂಗುವವರಲ್ಲಿ ಸಹಜವಾಗಿ ಕಾಣುವ ಸ್ಥಿತಿ. ಸಾಸಿವೆಯಂತಹ ಲೋಳೆಗುಳ್ಳೆಗಳೂ ನಿರುಪದ್ರವಿಗಳು. ಬಾಯಿಯಲ್ಲಿ ಜೋತುಬೀಳುವ ಪಾಲಿಪ್ ಎಂಬ ಮೃದುವಾದ ಗಂಟನ್ನು ಸುಲಭವಾಗಿ ತೆಗೆಯಬಹುದು. ಸೋಂಕಿನಿಂದ ಕೊರಳು ಊದಿಕೊಂಡಾಗ ಬಿಳುಪು ಹೆಚ್ಚಾಗಿ ಹೋಗುತ್ತದೆ, ವಾಸನೆ, ಉರಿ, ತುರಿಕೆ ಇರುತ್ತವೆ, ಅದಕ್ಕೆ ಔಷಧವಿದೆ. ಸೋಂಕು ದಾಂಪತ್ಯದಿಂದ ಹರಡುವಂತಹದಾದರೆ ಗಂಡನೂ ಔಷಧ ತೆಗೆದುಕೊಳ್ಳಬೇಕು. ಈ ಮಾತನ್ನು ಮನೆಯಲ್ಲಿ ಎತ್ತುವುದು ಕಷ್ಟವೆಂದು ನಮಗೆ ಗೊತ್ತು. ಎತ್ತದಿದ್ದರೆ ಸೋಂಕು ಮತ್ತೆ ಮತ್ತೆ ಮರಳುತ್ತದೆ.

ಸಂಭೋಗದ ತರುವಾಯ ರಕ್ತ ಕಾಣುವುದು, ಎರಡು ಮುಟ್ಟಿನ ನಡುವೆ ರಕ್ತ ಹೋಗುವುದು, ಮುಟ್ಟು ನಿಂತು ವರುಷ ಕಳೆದ ಮೇಲೆ ಮತ್ತೆ ಕಾಣಿಸುವುದು, ನೀರಿನಂತಹ ದುರ್ವಾಸನೆಯ ಸ್ರಾವ: ಇವಿದ್ದರೆ ಮಾತ್ರ ತಡಮಾಡದೆ ನೇರವಾಗಿ ವೈದ್ಯರಲ್ಲಿಗೆ ಹೋಗಬೇಕು.

ಇನ್ನು ಪರೀಕ್ಷೆಯ ವಿಚಾರ. ಇದಕ್ಕೆ ಹೆಸರು ಕೊಟ್ಟ ಜಾರ್ಜ್ ಪಾಪನಿಕೊಲಾವು ಗ್ರೀಸ್ ದೇಶದವರು. 1913ರಲ್ಲಿ ಹೆಂಡತಿಯೊಡನೆ ನ್ಯೂಯಾರ್ಕಿಗೆ ಬಂದಿಳಿದಾಗ ಅವರಿಗೆ ಇಂಗ್ಲಿಷ್ ಬಾರದು. ವೈದ್ಯ ಪದವಿ ಪಡೆದವರು ಅಂಗಡಿಯಲ್ಲಿ ಜಮಖಾನೆ ಮಾರಿದರು. ಹೆಂಡತಿ ಗುಂಡಿ ಹೊಲಿದು ಸಂಸಾರ ತೂಗಿಸಿದರು. ಹೊಟ್ಟೆಪಾಡಿಗಾಗಿ ಘಟ್ಟ ಇಳಿದು ಬಂದ ನಮ್ಮವರಿಗೆ ಈ ಕಥೆ ಅಪರಿಚಿತವಲ್ಲ. ಮುಂದೆ ಅವರ ಸಂಶೋಧನೆಗೆ ವರುಷಗಟ್ಟಲೆ ತನ್ನ ದೇಹದಿಂದಲೇ ಮಾದರಿ ಒದಗಿಸಿದವರು ಅದೇ ಹೆಂಡತಿ. 1928ರಲ್ಲಿ ಅವರು ಮಂಡಿಸಿದ ವಿಚಾರವನ್ನು ವಿದ್ವಾಂಸರು ಕಿವಿಗೆ ಹಾಕಿಕೊಳ್ಳಲಿಲ್ಲ. 1941ರಲ್ಲಿ ಹರ್ಬರ್ಟ್ ಟ್ರಾಟ್ ಎಂಬವರೊಡನೆ ಲೇಖನ ಪ್ರಕಟಿಸಿದ ಮೇಲೆ ಜಗತ್ತು ಒಪ್ಪಿತು.

ಪರೀಕ್ಷೆಯಲ್ಲಿ ಕೊಯ್ಯುವುದಿಲ್ಲ, ಹೊಲಿಯುವುದಿಲ್ಲ. ಕೊರಳಿನ ಮೇಲ್ಮೈಯನ್ನು ಪುಟ್ಟ ಕುಂಚದಿಂದ ಸವರಿ, ಅಂಟಿಬಂದ ಜೀವಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಕೆಲವೇ ನಿಮಿಷಗಳ ಕೆಲಸ. ಮುಟ್ಟಿನ ದಿನಗಳನ್ನು ಬಿಟ್ಟು ಹೋಗಬೇಕು. ಹಿಂದಿನ ಎರಡು ದಿನ ಯೋನಿಯೊಳಗೆ ಔಷಧ ಇಡಬಾರದು, ಗಂಡಹೆಂಡಿರು ಕೂಡಬಾರದು.

ವರದಿಯ ಅಕ್ಷರಗಳು 1988ರಲ್ಲಿ ಅಮೆರಿಕೆಯ ಬೆಥೆಸ್ಡಾದಲ್ಲಿ ರೂಪುಗೊಂಡ ಪದ್ಧತಿಯವು. ‘ಎನ್.ಐ.ಎಲ್.ಎಂ.’ ಎಂದಿದ್ದರೆ ಕೆಟ್ಟ ಬದಲಾವಣೆ ಇಲ್ಲವೆಂದರ್ಥ. ‘ಅನ್‌ಸ್ಯಾಟಿಸ್‌ಫ್ಯಾಕ್ಟರಿ’ ಎಂದರೆ ಮಾದರಿ ಸಾಲದು, ಕೆಲವು ತಿಂಗಳ ನಂತರ ಮತ್ತೆ ಕೊಡಬೇಕು. ಅದು ರೋಗದ ಹೆಸರಲ್ಲ. ನಮ್ಮ ಸೋದರಿಯ ಕಾಗದದಲ್ಲಿದ್ದ ‘ಎ.ಎಸ್.ಸಿ.-ಯು.ಎಸ್.’ ಎಂಬುದರ ತಾತ್ಪರ್ಯ ಇಷ್ಟೆ: ಕೆಲವು ಜೀವಕೋಶಗಳು ಸ್ವಲ್ಪ ಬೇರೆಯಾಗಿ ಕಾಣುತ್ತಿವೆ, ಕಾರಣ ನಿಶ್ಚಯವಿಲ್ಲ. ಅಸಹಜ ವರದಿಗಳಲ್ಲಿ ಅತ್ಯಂತ ಸಾಮಾನ್ಯವಾದುದು ಇದೇ. ವೈರಸ್ ಇದೆಯೇ ಎಂದು ನೋಡುವ ಎಚ್.ಪಿ.ವಿ. ಪರೀಕ್ಷೆ, ಇಲ್ಲವೆ ವರುಷ ಬಿಟ್ಟು ಮತ್ತೊಮ್ಮೆ ಪ್ಯಾಪ್ ಪರೀಕ್ಷೆ: ಇದಕ್ಕೆ ಬೇಕಾದುದು ಇಷ್ಟೆ. ‘ಎಲ್.ಎಸ್.ಐ.ಎಲ್.’ ಎಂದರೆ ಲಘು ಬದಲಾವಣೆ. ಬಹಳಷ್ಟು ಸಲ ದೇಹವೇ ಒಂದೆರಡು ವರುಷಗಳಲ್ಲಿ ಸರಿಪಡಿಸಿಕೊಳ್ಳುತ್ತದೆ, ಆದರೂ ವೈದ್ಯರ ಕಣ್ಣಿನಲ್ಲಿರಬೇಕು. ‘ಎಚ್.ಎಸ್.ಐ.ಎಲ್.’ ಎಂದಿದ್ದರೆ ಅಲಕ್ಷಿಸುವಂತಿಲ್ಲ. ಕಾಲ್ಪೋಸ್ಕೋಪ್ ಎಂಬ ಹಿಗ್ಗಿಸಿ ತೋರಿಸುವ ಯಂತ್ರದಿಂದ ಕೊರಳನ್ನು ನೋಡಿ, ಸಂಶಯವಿರುವಲ್ಲಿ ಚೂರು ತೆಗೆದು ಪರೀಕ್ಷಿಸಬೇಕು. ‘ಎ.ಎಸ್.ಸಿ.-ಎಚ್.’ ಮತ್ತು ‘ಎ.ಜಿ.ಸಿ.’ ಎಂಬವುಗಳಿಗೂ ಇದೇ ದಾರಿ.

ಎಚ್.ಎಸ್.ಐ.ಎಲ್. ಕೂಡ ಇನ್ನೂ ಕ್ಯಾನ್ಸರ್ ಅಲ್ಲ, ಕ್ಯಾನ್ಸರಿನ ಹೊಸ್ತಿಲು. ಈ ಹೊಸ್ತಿಲಿನ ಎತ್ತರ ಎಷ್ಟೆಂಬುದು ತಿಳಿದದ್ದು ಒಂದು ಕಹಿ ಪ್ರಸಂಗದಿಂದ. ನ್ಯೂಜಿಲೆಂಡಿನ ಆಕ್ಲೆಂಡ್ ನಗರದ ಸ್ತ್ರೀರೋಗ ಆಸ್ಪತ್ರೆಯೊಂದರಲ್ಲಿ 1966ರಿಂದ ಕೆಲವು ಸ್ತ್ರೀಯರ ತೀವ್ರ ಬದಲಾವಣೆಗೆ ತಕ್ಕ ಚಿಕಿತ್ಸೆ ನೀಡದೆ, ಅವರಿಗೂ ತಿಳಿಸದೆ, ಸುಮ್ಮನೆ ನೋಡುತ್ತ ಕುಳಿತರು. 1988ರಲ್ಲಿ ನ್ಯಾಯಾಂಗ ವಿಚಾರಣೆಯ ವರದಿ ಬಂದು ದೇಶವೇ ತಲೆತಗ್ಗಿಸಿತು. 2008ರಲ್ಲಿ ಆ ಸ್ತ್ರೀಯರ ಲೆಕ್ಕ ತೆಗೆದಾಗ ಕಂಡದ್ದು: ಸಾಕಷ್ಟು ಚಿಕಿತ್ಸೆ ಸಿಗದವರಲ್ಲಿ 30 ವರುಷಗಳ ಅವಧಿಯಲ್ಲಿ ನೂರಕ್ಕೆ ಸುಮಾರು 31 ಮಂದಿಗೆ ಕ್ಯಾನ್ಸರ್ ಬಂದಿತು, ಸರಿಯಾದ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ ಒಬ್ಬರಿಗೂ ಇಲ್ಲ. ನಾಳೆಯೇ ಓಡಬೇಕಾದ ಅವಸರವೂ ಇಲ್ಲ, ಮರೆತು ಕೂರುವ ಸ್ವಾತಂತ್ರ್ಯವೂ ಇಲ್ಲ ಎಂಬುದು ಈ ಎರಡು ಅಂಕಿಗಳಿಂದ ವಾಚಕರಿಗೆ ತಿಳಿಯುತ್ತದೆ. ಆ ಚಿಕಿತ್ಸೆಯಾದರೂ ಬಹಳ ದೊಡ್ಡದಲ್ಲ: ಕೆಟ್ಟ ಭಾಗವನ್ನಷ್ಟೇ ವಿದ್ಯುತ್ತಿನ ತಂತಿಯ ಕುಣಿಕೆಯಿಂದ ಕತ್ತರಿಸುವುದು, ಇಲ್ಲವೆ ಶಾಖದಿಂದಲೋ ಶೀತದಿಂದಲೋ ನಾಶಮಾಡುವುದು. ಗರ್ಭಕೋಶ ಇದ್ದಲ್ಲೇ ಇರುತ್ತದೆ.

‘ಚೀಲ ತೆಗೆಸುವ’ ಮಾತಿಗೆ ಬರೋಣ. ನಮ್ಮ ಸೀಮೆಯಲ್ಲಿ ಬಿಳುಪು ಹೋದರೂ ಚೀಲ, ಸೊಂಟ ನೊಂದರೂ ಚೀಲ ಎಂಬಂತಾಗಿದೆ. ‘ಮಕ್ಕಳಾಗಿವೆ, ಇನ್ನೇಕೆ ಅದು?’ ಎಂದು ಅತ್ತೆಯರೇ ಹೇಳುವುದನ್ನು ಕೇಳಿದ್ದೇವೆ. 2015ರ ಸುಮಾರಿಗೆ ಕಲಬುರ್ಗಿ ಜಿಲ್ಲೆಯ ತಾಂಡಾಗಳ ಬಡ ಹೆಂಗಸರಿಗೆ, 2019ರಲ್ಲಿ ಮಹಾರಾಷ್ಟ್ರದ ಬೀಡ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರಿಗೆ ಅನಗತ್ಯವಾಗಿ ಗರ್ಭಕೋಶ ತೆಗೆದರೆಂಬ ದೂರುಗಳೆದ್ದು ಸರಕಾರಗಳು ತನಿಖೆ ಮಾಡಿಸಬೇಕಾಯಿತು. ಕ್ಯಾನ್ಸರ್ ಆದೀತೆಂಬ ಹೆದರಿಕೆಯೇ ಅಲ್ಲಿ ಮುಖ್ಯ ಆಯುಧವಾಗಿತ್ತು. ಅಂಡಾಶಯಗಳನ್ನೂ ಜೊತೆಗೆ ತೆಗೆದರೆ ಮೂವತ್ತೈದಕ್ಕೇ ಮುಪ್ಪು ಬಂದಂತೆ. ಎಲುಬು ಸವೆಯುತ್ತದೆ, ಹೃದಯಕ್ಕೂ ಅಪಾಯ. ಕೂಲಿಯ ದುಡಿಮೆಯಿಂದ ಬದುಕುವವಳಿಗೆ ಇದು ಅನ್ನದ ಪ್ರಶ್ನೆ. ಕಾನೂನಿನ ಮಾತೊಂದಿದೆ: ರೋಗ ಪತ್ತೆಮಾಡುವ ತಪಾಸಣೆಗೆ ಕೊಟ್ಟ ಸಮ್ಮತಿಯು ಗರ್ಭಕೋಶ ತೆಗೆಯುವುದಕ್ಕೆ ಸಮ್ಮತಿಯಾಗದೆಂದು ಸರ್ವೋಚ್ಚ ನ್ಯಾಯಾಲಯ 2008ರ ಜನವರಿಯಲ್ಲಿ ತೀರ್ಪಿತ್ತಿದೆ. ಹೆಬ್ಬೆಟ್ಟು ಒತ್ತುವ ಮುನ್ನ ಕಾಗದದಲ್ಲೇನಿದೆಯೆಂದು ಕೇಳಿರಿ.

ಈ ರೋಗದ ಮೂಲ ಎಚ್.ಪಿ.ವಿ. ಎಂಬ ವೈರಸ್. ಇದನ್ನು ತೋರಿಸಿದ ಜರ್ಮನಿಯ ಹೆರಾಲ್ಡ್ ಝುರ್ ಹೌಸನ್ ಅವರಿಗೆ 2008ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ದಾಂಪತ್ಯ ಕಂಡ ಹೆಚ್ಚಿನವರಿಗೆ ಬದುಕಿನಲ್ಲಿ ಒಮ್ಮೆಯಾದರೂ ತಗಲುವ, ತಾನಾಗಿ ಹೋಗಿಬಿಡುವ ಸೋಂಕು. ಹೋಗದೆ ಬೇರೂರಿದವರಲ್ಲಿ ಮಾತ್ರ ಅಪಾಯ. ಯಾವಾಗ, ಯಾರಿಂದ ಬಂತೆಂದು ಹೇಳಲಾಗದು. ವರದಿ ಹಿಡಿದು ಹೆಂಡತಿಯ ಶೀಲವನ್ನು ಶಂಕಿಸುವ ಗಂಡಂದಿರು ಈ ಸಾಲನ್ನು ಎರಡು ಸಲ ಓದಬೇಕು. ಹುಡುಗಿಯರಿಗೆ 9ರಿಂದ 14ರ ವಯಸ್ಸಿನಲ್ಲಿ ಲಸಿಕೆ ಹಾಕಿಸಿದರೆ ದೊಡ್ಡ ರಕ್ಷಣೆ. ಪುಟ್ಟ ರಾಜ್ಯ ಸಿಕ್ಕಿಂ 2018ರಲ್ಲೇ ರಾಜ್ಯದಾದ್ಯಂತ ಹಾಕಿಸಿತು.

ಭಾರತದಲ್ಲಿ 2022ರೊಂದರಲ್ಲೇ ಸುಮಾರು 1,27,000 ಸ್ತ್ರೀಯರಿಗೆ ಗರ್ಭಕೊರಳಿನ ಕ್ಯಾನ್ಸರ್ ಬಂದು, 80,000ದಷ್ಟು ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ತಡೆಯುವುದು ಅಸಾಧ್ಯವೇ? ಬೀದರ–ಕಲಬುರ್ಗಿಗಳಿಗೆ ತಾಗಿದ ಉಸ್ಮಾನಾಬಾದ ಜಿಲ್ಲೆಯ ಹಳ್ಳಿಗಳಲ್ಲಿ 1,31,000ಕ್ಕೂ ಹೆಚ್ಚು ಸ್ತ್ರೀಯರನ್ನು ಸೇರಿಸಿ ನಡೆಸಿದ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು. ಎಚ್.ಪಿ.ವಿ. ಪರೀಕ್ಷೆಯನ್ನು ಒಂದೇ ಒಂದು ಸಲ ಮಾಡಿದ ಊರುಗಳಲ್ಲಿ ಈ ರೋಗದ ಸಾವು ಹೆಚ್ಚುಕಡಿಮೆ ಅರ್ಧಕ್ಕಿಳಿದಿತ್ತು. ನಮ್ಮಂತಹವೇ ಹೆಂಗಸರು, ನಮ್ಮಂತಹವೇ ಊರುಗಳು.

ಕೇಂದ್ರ ಸರಕಾರದ 2016ರ ಸೂಚನೆಯಂತೆ 30ರಿಂದ 65ರ ವಯಸ್ಸಿನ ಸ್ತ್ರೀಯರು ಐದು ವರುಷಕ್ಕೊಮ್ಮೆ ತಪಾಸಣೆ ಮಾಡಿಸಿಕೊಳ್ಳಬೇಕು. ಸರಕಾರಿ ಕೇಂದ್ರಗಳಲ್ಲಿ ದುರ್ಬಲ ಅಸೆಟಿಕ್ ಆಮ್ಲ, ಅಂದರೆ ಸಿರ್ಕಾದಂತಹ ನೀರು, ಸವರಿ ಬರಿಗಣ್ಣಿನಿಂದ ನೋಡುವ ಸರಳ ಪರೀಕ್ಷೆಯೂ ನಡೆಯುತ್ತದೆ. ಬಿಳಿ ಕಲೆ ಮೂಡಿದರೆ ಮುಂದಿನ ಪರೀಕ್ಷೆ. ವಾಸ್ಕೋದವರು ಚಿಕಾಲಿಯ ಕಾಟೇಜ್ ಆಸ್ಪತ್ರೆಯಲ್ಲಿ, ಉಳಿದವರು ಮಡಗಾಂವ ಅಥವಾ ಮಾಪಸಾದ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಇವೆಲ್ಲಕ್ಕೂ ದೊಡ್ಡದು ಬಾಂಬೋಳಿಯ ವೈದ್ಯಕೀಯ ಮಹಾವಿದ್ಯಾಲಯ; ಪೋರ್ಚುಗೀಜರ ಕಾಲದಲ್ಲಿ, 1842ರಲ್ಲಿ, ಪಣಜಿಯಲ್ಲಿ ಆರಂಭವಾದ ವೈದ್ಯಶಾಲೆಯ ಮುಂದುವರಿಕೆಯಿದು. ಗೋವೆಯಲ್ಲಿ ಐದು ವರುಷ ನೆಲೆಸಿದ ಕುಟುಂಬಗಳಿಗಾಗಿ 2016ರಲ್ಲಿ ಆರಂಭವಾದ ದೀನದಯಾಳ ಸ್ವಾಸ್ಥ್ಯ ಸೇವಾ ಯೋಜನೆಯ ಕಾರ್ಡು ಮಾಡಿಸಿಕೊಳ್ಳಲು ನಮ್ಮವರು ಉದಾಸೀನ ಮಾಡಬಾರದು. ಭಾಷೆ ತೊಡಕಾದರೆ ಶಾಲೆ ಕಲಿತ ಮಗಳನ್ನೋ ಸೊಸೆಯನ್ನೋ ಜೊತೆಗೆ ಕರೆದೊಯ್ಯಿರಿ. ಗೋವೆಯಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಕೊಂಕಣಿ ನೀರು ಕುಡಿದಷ್ಟು ಸುಲಭ.

ಆ ಸೋದರಿಯೊಡನೆ ನಾವೇ ಆಸ್ಪತ್ರೆಗೆ ಹೋದೆವು. ಎಚ್.ಪಿ.ವಿ. ಪರೀಕ್ಷೆಯಾಯಿತು, ವೈರಸ್ ಇರಲಿಲ್ಲ. ಮೂರು ವರುಷ ಬಿಟ್ಟು ಬರಲು ವೈದ್ಯರು ಹೇಳಿದರು; ಆ ತಾರೀಖನ್ನು ಆಕೆ ದೇವರ ಕೋಣೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆಸಿಟ್ಟಳು. ಸಂಘದ ಸಾಲ ಬೇಡವೆಂದಳು. ನಾಗರಪಂಚಮಿಗೆ ತವರಿಗೆ ಹೋಗಿ ಬಂದವಳು ನಮಗೆ ಶೇಂಗಾ ಉಂಡಿ, ಅರಳಿಟ್ಟು ತಂದುಕೊಟ್ಟಳು. ಹಿಂದೆಯೇ ಬಾಗಿಲಲ್ಲಿ ಆಕೆಯ ನೆಗೆಣ್ಣಿ ನಿಂತಿದ್ದಳು, ನಲವತ್ತೈದರ ಹೆಣ್ಣುಮಗಳು, ಒಮ್ಮೆಯೂ ತಪಾಸಣೆ ಕಾಣದವಳು.

“ಸೋಮವಾರ ಈಕೀನ್ನ ಕರ್ಕೊಂಡು ಹೋಗ್ತೀನ್ರಿ,” ಎಂದಳು ನಮ್ಮ ಗದಗಿನ ಸೋದರಿ. “ದಾರಿ ನನಗ ಗೊತ್ತೈತಿ.”