ನಿಮಗಿದು ಗೊತ್ತೇ? ಗುಜರಿ ಪಾಲಾಗದೆ ಉಳಿದ ಕಂಪ್ಯೂಟರ್‌ಗಳು

ಮಿನಿಕಂಪ್ಯೂಟರ್ ಯುಗದ ಹೆಸರಾಂತ ಯಂತ್ರ ಪಿಡಿಪಿ-8 ಹುಟ್ಟಿದ್ದು ಒಂದು ಹಳೆಯ ಉಣ್ಣೆ ಗಿರಣಿಯಲ್ಲಿ! ಅಮೆರಿಕದ ಮೇನಾರ್ಡ್ ಊರಿನ ಆ ಗಿರಣಿಯಲ್ಲಿದ್ದ ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿ 1965ರಲ್ಲಿ ಅದನ್ನು ಸುಮಾರು 18,000 ಡಾಲರ್ ಬೆಲೆಗೆ ಮಾರುಕಟ್ಟೆಗೆ ತಂದಿತು. ಕೋಣೆ ತುಂಬಾ ಹರಡಿಕೊಳ್ಳುತ್ತಿದ್ದ ಕಂಪ್ಯೂಟರ್ ಪ್ರಯೋಗಾಲಯದ ಮೇಜಿಗೆ ಬಂತು. ಈ ವಂಶದ 50,000ಕ್ಕೂ ಹೆಚ್ಚು ಯಂತ್ರಗಳು ಮಾರಾಟವಾದವು. ಸಂಗ್ರಾಹಕರು ಇವತ್ತಿಗೂ ಹುಡುಕಿಕೊಂಡು ಹೋಗುವುದು ಇದನ್ನೇ.

ಅದರ ಮೆಮೊರಿಯಲ್ಲಿ ಚಿಪ್ ಇರಲಿಲ್ಲ. ಸಾಸಿವೆ ಕಾಳಿಗಿಂತ ದೊಡ್ಡದಲ್ಲದ ಫೆರೈಟ್ ಉಂಗುರಗಳಿದ್ದವು. ಪ್ರತಿ ಉಂಗುರದೊಳಗೆ ನವಿರಾದ ತಂತಿಗಳನ್ನು ಪೋಣಿಸಿ ಜಾಲರಿ ಮಾಡುತ್ತಿದ್ದರು. ಒಂದು ಉಂಗುರಕ್ಕೆ ಒಂದು ಬಿಟ್. 12 ಬಿಟ್‌ಗಳ 4,096 ಪದಗಳು (ವರ್ಡ್) ಎಂದರೆ 49,152 ಉಂಗುರಗಳು! ಇಂಥ ಕೋರ್ ಮೆಮೊರಿ ಪೋಣಿಸುವ ಕೆಲಸ ಬಹುಪಾಲು ನಡೆದದ್ದು ಭೂತಗನ್ನಡಿಯ ಕೆಳಗೆ, ಹೆಣ್ಣುಮಕ್ಕಳ ಕೈಯಲ್ಲಿ. ಅವರ ಹೆಸರು ಯಾವ ಯಂತ್ರದ ಮೇಲೂ ಇಲ್ಲ. ಇರಬೇಕಿತ್ತು.

ಕರೆಂಟು ಹೋದರೂ ಉಂಗುರದ ಕಾಂತತೆ ಹೋಗದು. ಹಾಗಾಗಿ ದಶಕಗಳಿಂದ ಮೂಲೆಯಲ್ಲಿ ಬಿದ್ದಿದ್ದ ಯಂತ್ರದಲ್ಲಿ ಕೊನೆಯ ಸಲ ಓಡಿದ ಪ್ರೋಗ್ರಾಂ ಹಾಗೇ ಕೂತಿರಬಹುದು. ಆದರೆ ಒಂದು ತೊಡಕಿದೆ. ಓದಿದ ಕೂಡಲೇ ಆ ಬಿಟ್ ಅಳಿಸಿಹೋಗುತ್ತದೆ, ಯಂತ್ರವೇ ಅದನ್ನು ಮತ್ತೆ ಬರೆದಿಡಬೇಕು. ಬರೆಯುವ ಸರ್ಕ್ಯೂಟ್ ಕೆಟ್ಟಿದ್ದರೆ, ಓದಲು ಹೋದವರೇ ಅಳಿಸಿದಂತಾಯಿತು.

ಹಳೆಯ ಯಂತ್ರ ಕೈಗೆ ಸಿಕ್ಕ ತಕ್ಷಣ ಸ್ವಿಚ್ ಹಾಕಿ ನೋಡಬಾರದು ಎನ್ನುವುದು ಈ ಹವ್ಯಾಸದ ಮೊದಲ ಪಾಠ. ವರ್ಷಗಟ್ಟಲೆ ಸುಮ್ಮನಿದ್ದ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ನ ಒಳಪದರ ತೆಳ್ಳಗಾಗಿರುತ್ತದೆ, ಪೂರ್ಣ ವೋಲ್ಟೇಜ್ ಒಮ್ಮೆಲೇ ಬಿದ್ದರೆ ಸಿಡಿಯಬಹುದು. ಬಲ್ಲವರು ಮೊದಲು ಸರ್ಕ್ಯೂಟ್ ಕಾರ್ಡುಗಳನ್ನೆಲ್ಲ ಕಳಚಿಡುತ್ತಾರೆ. ಟ್ರಾನ್ಸ್‌ಫಾರ್ಮರ್ ಮಾದರಿಯ ಪವರ್ ಸಪ್ಲೈ ಆದರೆ ಅದೊಂದನ್ನೇ ವೋಲ್ಟೇಜ್ ಹೆಚ್ಚುಕಡಿಮೆ ಮಾಡುವ ವೇರಿಯಾಕ್‌ಗೆ ಜೋಡಿಸಿ, ಸೊನ್ನೆಯಿಂದ ವೋಲ್ಟೇಜನ್ನು ಗಂಟೆಗಟ್ಟಲೆ ನಿಧಾನಕ್ಕೆ ಏರಿಸುತ್ತಾರೆ. ಮಲ್ಟಿಮೀಟರ್ ಸರಿಯಾದ ಅಂಕಿ ತೋರಿಸಿದ ಮೇಲಷ್ಟೇ ಕಾರ್ಡುಗಳು ತಮ್ಮ ಜಾಗಕ್ಕೆ ಮರಳುತ್ತವೆ.

ಆಮೇಲೂ ಯಂತ್ರಕ್ಕೆ ಏನೂ ಗೊತ್ತಿರುವುದಿಲ್ಲ. ಮೂಲ ಪಿಡಿಪಿ-8ರಲ್ಲಿ ಬೂಟ್ ಮಾಡಿಸುವ ಸ್ಥಿರ ಪ್ರೋಗ್ರಾಂ ಒಳಗೆ ಇರಲಿಲ್ಲ. ಮುಂಭಾಗದ ಸ್ವಿಚ್‌ಗಳನ್ನು ಮೇಲೆ ಕೆಳಗೆ ಮಾಡುತ್ತ, ಒಂದು ಪುಟ್ಟ ಲೋಡರ್ ಅನ್ನು ಪದ ಪದವಾಗಿ ಕೈಯಿಂದಲೇ ತುಂಬಬೇಕು. ಬಳಿಕ ಟೆಲಿಟೈಪ್ ಯಂತ್ರ ತೂತು ಹೊಡೆದ ಕಾಗದದ ಟೇಪನ್ನು ಸೆಕೆಂಡಿಗೆ 10 ಅಕ್ಷರದಂತೆ ಓದುತ್ತದೆ. ಒಂದು ಪದಕ್ಕೆ ಎರಡು ಸಾಲು ತೂತು. ಮೆಮೊರಿ ಪೂರ್ತಿ ತುಂಬಲು 13 ನಿಮಿಷಕ್ಕೂ ಹೆಚ್ಚು!

ತನ್ನ ಮೂಲ ಭಾಗಗಳೊಂದಿಗೆ ಈಗಲೂ ನಡೆಯುವ ಅತಿ ಹಳೆಯ ಡಿಜಿಟಲ್ ಕಂಪ್ಯೂಟರ್ ಇಂಗ್ಲೆಂಡಿನಲ್ಲಿದೆ. ಹಾರ್ವೆಲ್ ಅಣು ಸಂಶೋಧನಾ ಕೇಂದ್ರದಲ್ಲಿ 1951ರಲ್ಲಿ ಕೆಲಸ ಶುರುಮಾಡಿದ ಇದರ ತೂಕ ಎರಡೂವರೆ ಟನ್. ಒಂದು ಗುಣಾಕಾರಕ್ಕೆ 5ರಿಂದ 10 ಸೆಕೆಂಡು. ಗಣಿತಜ್ಞರೊಬ್ಬರು ಕೈಯಿಂದ ತಿರುಗಿಸುವ ಲೆಕ್ಕದ ಯಂತ್ರ ಹಿಡಿದು ಇದರ ಜೊತೆ ಪೈಪೋಟಿಗಿಳಿದು ಅರ್ಧ ಗಂಟೆ ಸಮಸಮ ನಿಂತರು. ನಂತರ ಅವರು ದಣಿದರು, ಯಂತ್ರ ದಣಿಯಲಿಲ್ಲ. 1957ರಲ್ಲಿ ವುಲ್ವರ್‌ಹ್ಯಾಂಪ್ಟನ್‌ನ ಕಾಲೇಜಿಗೆ ಹೋಗಿ 1973ರವರೆಗೆ ವಿದ್ಯಾರ್ಥಿಗಳಿಗೆ ಪಾಠವಾಯಿತು. ಕಡೆಗೆ ಬರ್ಮಿಂಗ್‌ಹ್ಯಾಮ್‌ನ ಮ್ಯೂಸಿಯಂ ದಾಸ್ತಾನಿನಲ್ಲಿ ಬಿಡಿಭಾಗವಾಗಿ ಬಿದ್ದಿತ್ತು. ಸ್ವಯಂಸೇವಕರು ಮೂರು ವರ್ಷ ದುಡಿದು 2012ರಲ್ಲಿ ಮತ್ತೆ ಓಡಿಸಿದರು. ಅದರ ಡೆಕಾಟ್ರಾನ್ ಕೊಳವೆಗಳಲ್ಲಿ ಕಿತ್ತಳೆ ಬೆಳಕಿನ ಚುಕ್ಕಿ ಹತ್ತು ಸ್ಥಾನಗಳಲ್ಲಿ ಸುತ್ತುತ್ತದೆ. ಕೂಡುವುದು, ದಶಕ ಏರುವುದು ಎಲ್ಲ ಕಣ್ಣಿಗೆ ಕಾಣುತ್ತದೆ. ಮಕ್ಕಳಿಗೆ ಕಂಪ್ಯೂಟರ್ ಹೇಗೆ ಲೆಕ್ಕ ಮಾಡುತ್ತದೆಂದು ತೋರಿಸಲು ಇದಕ್ಕಿಂತ ಒಳ್ಳೆಯ ಯಂತ್ರ ನನಗೆ ಗೊತ್ತಿಲ್ಲ.

ಪಿಡಿಪಿ-8 ತಂದ ಕಂಪನಿಯದೇ ಆದ ಪಿಡಿಪಿ-1 ತಯಾರಾದದ್ದು ಬರೀ 53. ಕ್ಯಾಲಿಫೋರ್ನಿಯಾದ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂನಲ್ಲಿ ದುರಸ್ತಿಯಾದ ಒಂದರ ಮೇಲೆ 1962ರ 'ಸ್ಪೇಸ್‌ವಾರ್' ಆಟ ಆಡಬಹುದು.

ಕಬ್ಬಿಣ ಉಳಿದರೂ ಸಾಫ್ಟ್‌ವೇರ್ ಉಳಿಯುವುದು ಕಷ್ಟ. ಹಳೆಯ ಕೆಲವು ಮ್ಯಾಗ್ನೆಟಿಕ್ ಟೇಪ್‌ಗಳ ಅಂಟು ತೇವ ಹೀರಿ ಜಿಗುಟಾಗುತ್ತದೆ. ಅಂಥವನ್ನು ಸುಮಾರು 50 ಡಿಗ್ರಿ ಶಾಖದಲ್ಲಿ ಗಂಟೆಗಟ್ಟಲೆ ಇಟ್ಟು ಒಣಗಿಸಿದ ಮೇಲೆ ಓದುತ್ತಾರೆ. 2025ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ಸ್ಟೋರ್ ರೂಮ್ ಶುಚಿ ಮಾಡುವಾಗ ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನ ನಾಲ್ಕನೇ ಆವೃತ್ತಿಯ ಟೇಪ್ ಸಿಕ್ಕಿತು. ಯುನಿಕ್ಸ್‌ನ ತಿರುಳನ್ನು ಸಿ ಭಾಷೆಯಲ್ಲಿ ಬರೆದ 1973ರ ಆವೃತ್ತಿ ಅದು. ಕ್ಯಾಲಿಫೋರ್ನಿಯಾದ ಅದೇ ಮ್ಯೂಸಿಯಂನಲ್ಲಿ ಟೇಪಿನಿಂದ ಬರುವ ವಿದ್ಯುತ್ ಅಲೆಗಳನ್ನೇ ಇದ್ದಂತೆ ದಾಖಲಿಸಿಕೊಂಡು, ಅವುಗಳಿಂದ ಬಿಟ್‌ಗಳನ್ನು ಹೆಕ್ಕಿ ತೆಗೆದರು.

ಮ್ಯೂಸಿಯಂ ಸೇರಿದರೆ ಚಿಂತೆ ಮುಗಿಯಿತೇ? ಇಲ್ಲ. ಮೈಕ್ರೋಸಾಫ್ಟ್ ಸಹಸ್ಥಾಪಕ ಪಾಲ್ ಅಲೆನ್ ಸಿಯಾಟಲ್‌ನಲ್ಲಿ ಕಟ್ಟಿದ ಲಿವಿಂಗ್ ಕಂಪ್ಯೂಟರ್ಸ್ ಮ್ಯೂಸಿಯಂ 2012ರಲ್ಲಿ ಜನರಿಗೆ ತೆರೆಯಿತು. ದೂರದಲ್ಲಿದ್ದವರೂ ಅಲ್ಲಿನ ಹಳೆಯ ಯಂತ್ರಗಳಿಗೆ ಲಾಗಿನ್ ಆಗಬಹುದಿತ್ತು. ಅಲೆನ್ 2018ರಲ್ಲಿ ತೀರಿಕೊಂಡರು, 2020ರಲ್ಲಿ ಬಾಗಿಲು ಮುಚ್ಚಿತು, 2024ರಲ್ಲಿ ಅದರ ಯಂತ್ರಗಳು ಹರಾಜಿಗೆ ಬಂದವು. ನಡೆಯುತ್ತಿದ್ದ ಯಂತ್ರಗಳು ಹೀಗೆ ಚೆದುರಿಹೋದದ್ದು ದೊಡ್ಡ ನಷ್ಟ.

ನಮ್ಮ ದೇಶದಲ್ಲೂ ಮಿನಿಕಂಪ್ಯೂಟರ್ ತಯಾರಾಗಿತ್ತು. ಹೈದರಾಬಾದಿನ ಇಸಿಐಎಲ್ 1969ರಲ್ಲಿ ಹೊರತಂದ ಟಿಡಿಸಿ-12 ಕೂಡ 12 ಬಿಟ್‌ನ ಯಂತ್ರ. ಬೆಂಗಳೂರಿಗೂ ಒಂದು ನಂಟಿದೆ. ಇನ್ಫೋಸಿಸ್ 1980ರ ದಶಕದ ಮೊದಲರ್ಧದಲ್ಲಿ ತರಿಸಿಕೊಂಡದ್ದು ಡೇಟಾ ಜನರಲ್ ಕಂಪನಿಯ ಎಂವಿ/8000. ಟ್ರೇಸಿ ಕಿಡರ್ ಅವರ ಪುಲಿಟ್ಜರ್ ಪ್ರಶಸ್ತಿ ಪಡೆದ 'ದ ಸೋಲ್ ಆಫ್ ಎ ನ್ಯೂ ಮಷೀನ್' ಪುಸ್ತಕ ಇದೇ ಯಂತ್ರ ರೂಪುಗೊಂಡ ಕಥೆ. ಅಂಥ ಯಂತ್ರ ನಿಮ್ಮ ಕಾಲೇಜಿನ, ಕಾರ್ಖಾನೆಯ ಉಗ್ರಾಣದಲ್ಲಿದ್ದರೆ ದಯವಿಟ್ಟು ತೂಕಕ್ಕೆ ಹಾಕಬೇಡಿ. ಜೊತೆಗಿರುವ ಕೈಪಿಡಿ, ಸರ್ಕ್ಯೂಟ್ ನಕ್ಷೆಗಳನ್ನು ರದ್ದಿಗೆ ಹಾಕುವುದಂತೂ ಬೇಡವೇ ಬೇಡ. ನಕ್ಷೆಯಿಲ್ಲದೆ ರಿಪೇರಿ ಹಲವು ಪಟ್ಟು ಕಷ್ಟ.

ಇವೆಲ್ಲ ಬರೀ ನೋಡುವ ವಸ್ತುಗಳೇನಲ್ಲ. 1970ರಲ್ಲಿ ಬಂದ ಪಿಡಿಪಿ-11 ಕೆನಡಾದ ಅಣುವಿದ್ಯುತ್ ಸ್ಥಾವರಗಳಲ್ಲಿ ರೋಬೋಟ್‌ಗಳನ್ನು ನಡೆಸುತ್ತಿತ್ತು. ಅದರ ಅಸೆಂಬ್ಲಿ ಭಾಷೆ ಬಲ್ಲವರು ಬೇಕಾಗಿದ್ದಾರೆ, 2050ರವರೆಗೂ ಕೆಲಸ ಇರುತ್ತದೆ ಎಂದು 2013ರಲ್ಲಿ ಅಲ್ಲಿಂದ ಕರೆ ಹೊರಟಿತ್ತು!